ಓಟ ಬಿಟ್ಟ ಕುದುರೆ, ಮೂರು ವಾರದ ಹಗ್ಗದ ನಡಿಗೆ: ಇದು ನಿಜವಾದ ತರಬೇತಿಯೇ?

ತಡವಾಗಿ_ಕಲಿತವನು ಬರೆದದ್ದು:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಸವಾರಿ ಶಾಲೆಯಲ್ಲಿ ನಾಲ್ಕು ವರ್ಷ ವಾರಾಂತ್ಯದ ಪಾಠಗಳಿಗೆ ಹೋಗಿ, ಶಾಲೆಯ ಹಳೆಯ ಕುದುರೆಗಳ ಮೇಲೆ ನಡಿಗೆ, ಟ್ರಾಟ್ (ಜಿಗಿನಡೆ), ಕ್ಯಾಂಟರ್ (ಹದವಾದ ಓಟ) ಮೂರನ್ನೂ ತಕ್ಕಮಟ್ಟಿಗೆ ನಿಭಾಯಿಸಬಲ್ಲೆ ಎಂಬ ಧೈರ್ಯ ಬಂದ ಮೇಲೆ, ಕಳೆದ ದೀಪಾವಳಿಯ ಹೊತ್ತಿಗೆ ಓಟದಿಂದ ನಿವೃತ್ತಿಯಾದ ಏಳು ವರ್ಷದ ಥರೋಬ್ರೆಡ್ (ಓಟದ ತಳಿ) ಹೆಣ್ಣು ಕುದುರೆಯೊಂದನ್ನು ಕೊಂಡುಕೊಂಡೆ. ಈಗ ಅದು ಮೈಸೂರಿನ ಹೊರವಲಯದಲ್ಲಿರುವ ಸ್ನೇಹಿತರೊಬ್ಬರ ತೋಟದ ಲಾಯದಲ್ಲಿದೆ.

ನೆಲದ ಮೇಲೆ ನಿಂತು ಮೈ ಉಜ್ಜುವಾಗ, ಗೊರಸು ಎತ್ತುವಾಗ ಅದರಷ್ಟು ಸೌಮ್ಯವಾದ ಪ್ರಾಣಿ ಇನ್ನೊಂದಿಲ್ಲ. ತೊಂದರೆ ಆರಂಭವಾಗುವುದು ಜೀನು ಬಿಗಿದ ಮೇಲೆ. ರಿಕಾಬಿಗೆ ಕಾಲಿಟ್ಟ ತಕ್ಷಣ ನಡೆಯಲು ತೊಡಗುತ್ತದೆ. ಏರಿ ಕುಳಿತು ಲಗಾಮನ್ನು ಹಿಡಿತಕ್ಕೆ ತಂದುಕೊಂಡರೆ ತಲೆಯನ್ನು ಮೇಲಕ್ಕೆ ಎಸೆಯುತ್ತದೆ. ನಿಲ್ಲಿಸಲೆಂದು ಎಳೆದರೆ ಇನ್ನಷ್ಟು ವೇಗ ಹೆಚ್ಚಿಸುತ್ತದೆ. ಕಾಲುಗಳನ್ನು ಅದರ ಪಕ್ಕೆಗೆ ತಾಗಿಸಿದರಂತೂ ಬೆಂಕಿ ಮುಟ್ಟಿದಂತೆ ಜಿಗಿಯುತ್ತದೆ. ಎರಡು ಸಲ ಬಿದ್ದಿದ್ದೇನೆ. ಎರಡನೆಯ ಸಲ ಬಿದ್ದಾಗ ಭುಜದ ಮೂಳೆ ಸೀಳಿ ಆರು ವಾರ ಮನೆಯಲ್ಲಿ ಕುಳಿತಿದ್ದೆ.

ಮೊದಲು ಕರೆಸಿದ ತರಬೇತುದಾರರು, ಕುದುರೆ ನಿಮ್ಮನ್ನು ಪರೀಕ್ಷಿಸುತ್ತಿದೆ, ಇವತ್ತು ನೀವು ಸೋತರೆ ಎಂದೆಂದಿಗೂ ಸೋತಂತೆಯೇ ಎಂದು ಹೇಳಿ, ಇನ್ನೂ ಗಡುಸಾದ ಕಡಿವಾಣವನ್ನೂ ತಲೆಯನ್ನು ಕೆಳಗೆ ಹಿಡಿದಿಡುವ ಪಟ್ಟಿಯನ್ನೂ ಹಾಕಿಸಿದರು. ನಾಲ್ಕು ದಿನ ಫಲ ಕಾಣಿಸಿತು, ಐದನೆಯ ದಿನ ಕುದುರೆ ಹಿಂಗಾಲುಗಳ ಮೇಲೆ ಎದ್ದು ನಿಂತಿತು. ಅವರನ್ನು ಬಿಟ್ಟು ಬೇರೊಬ್ಬರನ್ನು ಕರೆದೆ. ಈ ಎರಡನೆಯವರು ಮೂರು ವಾರಗಳಿಂದ ನನ್ನನ್ನು ಕುದುರೆಯ ಮೇಲೆ ಹತ್ತಲು ಬಿಟ್ಟೇ ಇಲ್ಲ. ಹಗ್ಗ ಹಿಡಿದು ನಡೆಸುವುದು, ನಿಲ್ಲಿಸುವುದು, ಎರಡು ಹೆಜ್ಜೆ ಹಿಂದಕ್ಕೆ ಕಳುಹಿಸುವುದು, ಮತ್ತೆ ನಡೆಸುವುದು, ಇಷ್ಟೇ. ಕುದುರೆ ತಂದು ಕುರಿಯಂತೆ ಕಾಯುತ್ತಿದ್ದೀಯ ಎಂದು ಮನೆಯವರು ನಗುತ್ತಿದ್ದಾರೆ. ತಿಂಗಳ ಶುಲ್ಕ ಕೊಟ್ಟು ಹಗ್ಗ ಹಿಡಿದು ತಿರುಗುತ್ತಿರುವ ನನಗೂ ಆಗಾಗ ಹಾಗೇ ಅನ್ನಿಸುತ್ತದೆ.

ನನ್ನ ಪ್ರಶ್ನೆ ಇಷ್ಟು: ಒಳ್ಳೆಯ ಕುದುರೆ ತರಬೇತುದಾರ ಕೆಲಸವನ್ನು ಎಲ್ಲಿಂದ ಆರಂಭಿಸುತ್ತಾನೆ? ಈ ನೆಲದ ಮೇಲಿನ ಪಾಠಕ್ಕೂ ಮೇಲೆ ಕುಳಿತಾಗ ನಡೆಯುವುದಕ್ಕೂ ನಿಜವಾಗಿ ಸಂಬಂಧವಿದೆಯೇ? ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

---

ಕಡಿವಾಣ_ಸಡಿಲ ಬರೆದದ್ದು:

ನಾನು ಹದಿನೆಂಟು ವರ್ಷಗಳಿಂದ ಸವಾರಿ ಕಲಿಸುತ್ತಿದ್ದೇನೆ, ಅದರಲ್ಲಿ ಹೆಚ್ಚಿನ ಕಾಲ ನಿಮ್ಮ ಕುದುರೆಯಂತೆಯೇ ಓಟ ಬಿಟ್ಟು ಬಂದ ಕುದುರೆಗಳೊಂದಿಗೆ ಕಳೆದಿದ್ದೇನೆ. ನಿಮ್ಮ ಎರಡನೆಯ ತರಬೇತುದಾರರು ಮಾಡಿಸುತ್ತಿರುವುದು ಸರಿಯಾದ ಕೆಲಸ. ಏಕೆ ಮಾಡಿಸುತ್ತಿದ್ದೇನೆ ಎಂದು ಅವರು ನಿಮಗೆ ಬಿಡಿಸಿ ಹೇಳಿಲ್ಲವೆಂದರೆ ಅದು ಮಾತ್ರ ಅವರ ಕೊರತೆ. ಸವಾರನಿಗೆ ಕಾರಣ ತಿಳಿಯದೆ ಹೋದರೆ ಅವನ ಕೈಯಲ್ಲಿರುವ ಹಗ್ಗ ಬರಿಯ ಹಗ್ಗವಾಗಿಯೇ ಉಳಿಯುತ್ತದೆ.

ನೀವು ಬರೆದಿರುವ ತೊಂದರೆಗಳನ್ನು ಓದಿದಾಗ ನನಗೆ ಕಾಣಿಸಿದ್ದು ಹಟಮಾರಿ ಕುದುರೆಯಲ್ಲ, ಚೆನ್ನಾಗಿ ಕಲಿತ ಕುದುರೆ. ಓಟದ ಕುದುರೆಯ ತರಬೇತಿ ಎರಡು ವರ್ಷ ತುಂಬುವ ಮೊದಲೇ ಆರಂಭವಾಗುತ್ತದೆ. ಅಲ್ಲಿ ಸವಾರ ನೆಲದಿಂದ ರಿಕಾಬಿಗೆ ಕಾಲಿಟ್ಟು ನಿಧಾನವಾಗಿ ಏರುವ ಪದ್ಧತಿ ಕಡಿಮೆ. ಕುದುರೆ ನೋಡಿಕೊಳ್ಳುವ ಸಾಯಿಸ್ ಸವಾರನ ಮೊಣಕಾಲ ಕೆಳಗೆ ಕೈಕೊಟ್ಟು ಎತ್ತಿ ಕೂರಿಸುತ್ತಾನೆ, ಅನೇಕ ವೇಳೆ ಕುದುರೆ ನಡೆಯುತ್ತಿರುವಾಗಲೇ. ಆದ್ದರಿಂದ ಬೆನ್ನಿನ ಮೇಲೆ ಭಾರ ಬಿದ್ದ ಕೂಡಲೇ ನಡೆಯಬೇಕು ಎಂಬುದು ಅದಕ್ಕೆ ಗೊತ್ತಿರುವ ಪಾಠ. ಓಡುವಾಗ ಜಾಕಿ ಲಗಾಮನ್ನು ಗಿಡ್ಡವಾಗಿ ಹಿಡಿದಿರುತ್ತಾನೆ, ಕುದುರೆ ಆ ಹಿಡಿತಕ್ಕೆ ಒರಗಿಕೊಂಡು ತನ್ನ ತೂಕವನ್ನು ಹೊಂದಿಸಿಕೊಳ್ಳುತ್ತದೆ. ಹೀಗಾಗಿ ಲಗಾಮು ಬಿಗಿಯಾದರೆ ನಿಲ್ಲು ಎಂಬ ಅರ್ಥ ಅದರ ತಲೆಯಲ್ಲಿ ಇಲ್ಲವೇ ಇಲ್ಲ. ಬಿಗಿಯಾದರೆ ಒರಗು, ಒರಗಿದರೆ ಓಡು, ಇದೇ ಅದಕ್ಕೆ ಬರುವ ಭಾಷೆ. ಇನ್ನು ಜಾಕಿಯ ರಿಕಾಬುಗಳು ಎಷ್ಟು ಮೇಲಿರುತ್ತವೆ ಎಂದರೆ ಅವನ ಕಾಲಿನ ಕೆಳಭಾಗ ಕುದುರೆಯ ಪಕ್ಕೆಯನ್ನು ತಾಗುವುದೇ ಇಲ್ಲ. ನಿಮ್ಮ ಕಾಲು ತಾಗಿದಾಗ ಅದು ಜಿಗಿಯುವುದು ಜೀವನದಲ್ಲಿ ಮೊದಲ ಬಾರಿಗೆ ಅಲ್ಲಿ ಏನೋ ಮುಟ್ಟಿತು ಎಂಬ ಗಾಬರಿಯಿಂದ. ಮೈಮೇಲೆ ನೊಣ ಕುಳಿತರೆ ಅದೊಂದೇ ಜಾಗದ ಚರ್ಮವನ್ನು ಅಲುಗಿಸಬಲ್ಲ ಪ್ರಾಣಿಗೆ ಎರಡು ಕಾಲುಗಳ ಒತ್ತಡ ಸಣ್ಣ ವಿಷಯವಲ್ಲ.

ಈಗ ಹಗ್ಗದ ವಿಷಯಕ್ಕೆ ಬರುತ್ತೇನೆ. ಹಗ್ಗದಿಂದ, ಕುದುರೆಯ ತಲೆಗೆ ಕಟ್ಟುವ ಪಟ್ಟಿಯಾದ ಹೆಡ್‌ಕಾಲರ್ ಮೇಲೆ ಸ್ವಲ್ಪ ಒತ್ತಡ ಹಾಕುತ್ತೀರಿ. ಕುದುರೆ ಅತ್ತಿತ್ತ ಹುಡುಕಾಡಿ ಕೊನೆಗೆ ಒಂದು ಹೆಜ್ಜೆ ಹಿಂದೆ ಇಡುತ್ತದೆ. ಆ ಕ್ಷಣದಲ್ಲಿಯೇ ನೀವು ಬಿಟ್ಟುಬಿಡುತ್ತೀರಿ. ಕುದುರೆ ಪಾಠವನ್ನು ಗುರುತಿಟ್ಟುಕೊಳ್ಳುವುದು ಆ ಬಿಡುಗಡೆಯ ಕ್ಷಣದಲ್ಲಿ. ಬಿಡುವ ಮುಂಚೆ ತಾನು ಏನು ಮಾಡುತ್ತಿದ್ದೆನೋ ಅದೇ ಉತ್ತರ ಎಂದು ಅದು ತೀರ್ಮಾನಿಸುತ್ತದೆ. ನೀವು ಒಂದೆರಡು ಸೆಕೆಂಡು ತಡಮಾಡಿದರೆ ಬೇರೆಯದೇ ಉತ್ತರವನ್ನು ಕಲಿಸಿರುತ್ತೀರಿ. ನಿಷ್ಠುರವಾಗಿ ಹೇಳುವುದಾದರೆ, ದೀಪಾವಳಿಯಿಂದ ಇಲ್ಲಿಯವರೆಗೆ ಅದು ತಲೆ ಎಸೆದಾಗಲೆಲ್ಲ ನೀವು ಹೆದರಿ ಲಗಾಮನ್ನು ಸಡಿಲಬಿಟ್ಟಿರುತ್ತೀರಿ. ತಲೆ ಎಸೆದರೆ ಬಾಯಿಯ ನೋವು ನಿಲ್ಲುತ್ತದೆ ಎಂಬ ಪಾಠವನ್ನು ನಿಮಗೆ ಅರಿವಿಲ್ಲದೆಯೇ ಬಹಳ ಶಿಸ್ತಿನಿಂದ ಕಲಿಸಿದ್ದೀರಿ. ಹಗ್ಗದಲ್ಲಿ ಹಿಂದೆ ಸರಿಯುವುದನ್ನು ಕಲಿತ ಕುದುರೆಗೆ ಮುಂದೆ ಅದೇ ಅರ್ಥವನ್ನು ಲಗಾಮಿಗೂ ವರ್ಗಾಯಿಸಬಹುದು. ನೆಲದ ಪಾಠಕ್ಕೂ ಬೆನ್ನಿನ ಮೇಲಿನ ಪಾಠಕ್ಕೂ ಇರುವ ಸಂಬಂಧ ಇದು.

ನಾನು ಹೊಸ ವಿದ್ಯಾರ್ಥಿಗಳಿಗೆ ಕುದುರೆಯನ್ನು ಮುಟ್ಟಿಸುವ ಮೊದಲು ಒಂದು ಅಭ್ಯಾಸ ಮಾಡಿಸುತ್ತೇನೆ. ಹಗ್ಗದ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ. ನಾನು ಕಣ್ಣು ಮುಚ್ಚಿಕೊಂಡು, ಒತ್ತಡ ಬಂದಾಗ ಬಂತು ಎಂದೂ ಹೋದಾಗ ಹೋಯಿತು ಎಂದೂ ಹೇಳುತ್ತೇನೆ. ಬಹುಮಟ್ಟಿಗೆ ಎಲ್ಲರೂ ತಾವು ಬಿಟ್ಟೆವು ಎಂದುಕೊಂಡ ಮೇಲೂ ಬೆರಳಲ್ಲಿ ಸ್ವಲ್ಪ ಹಿಡಿದೇ ಇರುತ್ತಾರೆ. ಅದನ್ನು ಅವರಿಗೆ ತೋರಿಸಿಕೊಟ್ಟರೆ ಒಂದು ತಿಂಗಳ ಪಾಠ ಉಳಿಯುತ್ತದೆ.

ಏರುವಾಗ ನಿಲ್ಲದಿರುವುದಕ್ಕೆ ಮಾಡಬೇಕಾದ್ದೂ ಇದೇ ಜಾತಿಯ ಕೆಲಸ. ಏರಲು ಗಟ್ಟಿಯಾದ ಮೆಟ್ಟಿಲು ಪೀಠವೊಂದನ್ನು ಇಟ್ಟುಕೊಳ್ಳಿ. ನೆಲದಿಂದ ಜಗ್ಗಿ ಏರಿದರೆ ಜೀನು ಕುದುರೆಯ ಬೆನ್ನನ್ನು ಒಂದು ಬದಿಗೆ ತಿರುಚುತ್ತದೆ. ಪೀಠದ ಮೇಲೆ ನಿಲ್ಲಿ, ಕುದುರೆ ಅಲುಗಾಡುವ ಮುಂಚೆಯೇ ಕೆಳಗಿಳಿಯಿರಿ. ಮರುಸಲ ಜೀನಿನ ಮೇಲೆ ಕೈಯಿಟ್ಟು ಇಳಿಯಿರಿ. ಅದಾದ ಮೇಲೆ ರಿಕಾಬಿನಲ್ಲಿ ಕಾಲಿಟ್ಟು ಇಳಿಯಿರಿ. ಕುದುರೆ ಸರಿದುಹೋದರೆ ಬೈಯದೆ, ಹೊಡೆಯದೆ, ಮೊದಲಿದ್ದ ಜಾಗಕ್ಕೇ ಹಿಂದಕ್ಕೆ ತಂದು ನಿಲ್ಲಿಸಿ. ಅಲುಗಿದ ಮೇಲೆ ಇಳಿದರೆ ಅಲುಗುವುದನ್ನು ಕಲಿಸಿದಂತೆ, ಅಲುಗುವ ಮೊದಲು ಇಳಿದರೆ ನಿಲ್ಲುವುದನ್ನು ಕಲಿಸಿದಂತೆ. ವ್ಯತ್ಯಾಸ ಅರ್ಧ ಸೆಕೆಂಡಿನದು.

ಗಡುಸಾದ ಕಡಿವಾಣದ ಬಗ್ಗೆ ಎರಡು ಮಾತು. ನಾನೂ ಹಾಕಿಸಿದ್ದೇನೆ. ಕಲಿಸಲು ತೊಡಗಿದ ಮೊದಲ ವರ್ಷಗಳಲ್ಲಿ, ಓಡಿಹೋಗುತ್ತಿದ್ದ ಒಂದು ಕುದುರೆಗೆ ಅಂಥದನ್ನೇ ಹಾಕಿ, ಮೂಗುಪಟ್ಟಿಯನ್ನು ಬಾಯಿ ತೆರೆಯಲಾಗದಂತೆ ಬಿಗಿದು, ಸಮಸ್ಯೆ ಬಗೆಹರಿಯಿತು ಎಂದು ಬೀಗಿದ್ದೆ. ಬಾಯಿ ತೆರೆದು ನೋವನ್ನು ಹೇಳಿಕೊಳ್ಳುವ ದಾರಿ ಮುಚ್ಚಿದ್ದರಿಂದ ಆ ಕುದುರೆ ಬೇರೆ ದಾರಿ ಹುಡುಕಿತು: ಅಡೆತಡೆಯ ಎದುರಿಗೆ ಬಂದು ಗಕ್ಕನೆ ನಿಂತು ಸವಾರರನ್ನು ಒಬ್ಬೊಬ್ಬರನ್ನಾಗಿ ಇಳಿಸತೊಡಗಿತು. ಮೂಗಿನ ಮೂಳೆಗೂ ಪಟ್ಟಿಗೂ ನಡುವೆ ಎರಡು ಬೆರಳು ಸಲೀಸಾಗಿ ಹೋಗುವಂತಿರಬೇಕು ಎಂಬ ಹಳೆಯ ನಿಯಮವನ್ನು ನಾನು ಆ ನಂತರ ಮೀರಿಲ್ಲ. ನಿಮ್ಮ ಕುದುರೆ ಎದ್ದು ನಿಂತದ್ದೂ ಇದೇ ಕಾರಣಕ್ಕೆ ಇರಬಹುದು: ಮುಂದೆ ಹೋಗು ಎಂದು ಕಾಲು ಹೇಳುತ್ತದೆ, ಹೋಗಬೇಡ ಎಂದು ಕೈ ಹೇಳುತ್ತದೆ, ತಲೆಯನ್ನು ಪಟ್ಟಿ ಹಿಡಿದಿದೆ. ಉಳಿದಿರುವುದು ಆಕಾಶದ ಕಡೆಯ ದಾರಿ ಮಾತ್ರ.

ಇಷ್ಟೆಲ್ಲ ಹೇಳಿದ ಮೇಲೂ, ಪಶುವೈದ್ಯರಿಂದ ಹಲ್ಲು ಮತ್ತು ಬೆನ್ನನ್ನು ಪರೀಕ್ಷೆ ಮಾಡಿಸದೆ ಒಂದು ದಿನವೂ ಮುಂದುವರಿಯಬೇಡಿ. ನೋಯುತ್ತಿರುವ ಕುದುರೆಗೆ ಪಾಠ ಹೇಳಲು ಹೋಗುವುದು ಹಲ್ಲುನೋವಿನ ಮಗುವಿಗೆ ಮಗ್ಗಿ ಬಾಯಿಪಾಠ ಮಾಡಿಸಿದಂತೆ.

---

ಕುಶಾಲತೋಪು ಬರೆದದ್ದು:

ಪೊಲೀಸ್ ಅಶ್ವಾರೋಹಿ ದಳದಲ್ಲಿ ಇದ್ದು ನಿವೃತ್ತನಾದವನು ನಾನು. ಮೇಲಿನ ಬರೆಹದಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ, ಆದರೆ ಒಂದೆರಡು ಕಡೆ ನನ್ನ ಅನುಭವ ಬೇರೆ.

ದಸರೆಯಲ್ಲಿ ಜಂಬೂಸವಾರಿಯ ದಿನ ರಾಷ್ಟ್ರಗೀತೆಯ ಹೊತ್ತಿಗೆ 21 ಕುಶಾಲತೋಪುಗಳನ್ನು ಹಾರಿಸುತ್ತಾರೆ ಎಂಬುದು ಮೈಸೂರಿನವರಿಗೆಲ್ಲ ಗೊತ್ತು. ಆ ಸದ್ದಿಗೆ ಆನೆ, ಕುದುರೆಗಳು ಬೆದರಬಾರದೆಂದು ಹಬ್ಬಕ್ಕೆ ಮುಂಚೆಯೇ ಫಿರಂಗಿಯ ತಾಲೀಮು ನಡೆಯುತ್ತದೆ. ನೋಡಲು ಹೋದವರು ಸದ್ದನ್ನು ನೋಡುತ್ತಾರೆ. ಕುದುರೆಯವನು ನೋಡುವುದು ಕಿವಿಯನ್ನು. ಮೊದಲ ದಿನ ಹೊಸ ಕುದುರೆಯನ್ನು ದೂರದಲ್ಲಿ, ಅಳುಕದ ಹಳೆಯ ಕುದುರೆಯೊಂದರ ಪಕ್ಕದಲ್ಲಿ ನಿಲ್ಲಿಸುವುದು ನಾನು ನಂಬಿಕೊಂಡು ಬಂದ ಕ್ರಮ. ಹಳೆಯದು ಹುಲ್ಲು ಮೇಯುತ್ತಲೇ ಇದ್ದರೆ ಹೊಸದು ಅದನ್ನು ನೋಡಿ ಅರ್ಧ ಧೈರ್ಯ ತಂದುಕೊಳ್ಳುತ್ತದೆ. ಕಿವಿ ಹಿಂದೆ ಮುಂದೆ ಆಡಿ, ತಲೆ ಕೆಳಗಿಳಿದು, ಬಾಯಿ ಚಪ್ಪರಿಸಿದ ಮೇಲಷ್ಟೇ ಹತ್ತು ಹೆಜ್ಜೆ ಹತ್ತಿರ. ಒಂದೇ ದಿನದಲ್ಲಿ ಹತ್ತಿರ ಕಟ್ಟಿಹಾಕಿ ಅಭ್ಯಾಸವಾಗಲಿ ಎಂದು ಬಿಟ್ಟರೆ ಕುದುರೆ ಸುಮ್ಮನಾಗಬಹುದು, ಆದರೆ ಆ ಸುಮ್ಮನಿರುವಿಕೆ ಸಮಾಧಾನವಲ್ಲ. ಇನ್ನೊಂದು ವರ್ಷ ಅದೇ ಕುದುರೆ ಪಟಾಕಿಯೊಂದಕ್ಕೆ ಜನರ ನಡುವೆ ನುಗ್ಗುತ್ತದೆ.

ನಾನು ಭಿನ್ನವಾಗಿ ಹೇಳಬೇಕೆಂದಿರುವುದು ಇದು. ಮೃದುತ್ವದ ಹೆಸರಿನಲ್ಲಿ ಸವಾರ ಅನಿಶ್ಚಿತನಾಗಬಾರದು. ಈಗಿನ ಹುಡುಗರು ಕುದುರೆಯನ್ನು ನಡೆಸುವಾಗ ಅದು ಹೆಗಲಿನಿಂದ ತಳ್ಳಿದರೆ ತಾವೇ ಪಕ್ಕಕ್ಕೆ ಸರಿದು ಜಾಗ ಕೊಡುತ್ತಾರೆ, ಜೇಬಿನಿಂದ ಬೆಲ್ಲ ತೆಗೆದು ತಿನ್ನಿಸುತ್ತಾರೆ, ಮರುದಿನ ಜೇಬನ್ನೇ ಕಚ್ಚಿದಾಗ ಕುದುರೆ ಕೆಟ್ಟದ್ದು ಎನ್ನುತ್ತಾರೆ. ನಾಲ್ಕೂವರೆ ಕ್ವಿಂಟಾಲಿನ ಪ್ರಾಣಿಗೆ ನಿಮ್ಮ ಸುತ್ತಲಿನ ಒಂದು ಮಾರು ಜಾಗ ನಿಮ್ಮದು ಎಂಬುದು ಮೊದಲ ದಿನವೇ ತಿಳಿಯಬೇಕು, ಪ್ರತಿದಿನವೂ ಅದೇ ಗೆರೆ ಇರಬೇಕು. ಕೇಳಿದ್ದನ್ನು ಸಣ್ಣದಾಗಿ ಕೇಳಿ, ಉತ್ತರ ಬಾರದಿದ್ದರೆ ಇನ್ನಷ್ಟು ಸ್ಪಷ್ಟವಾಗಿ ಕೇಳಿ, ಆದರೆ ಕೇಳಿದ ಮೇಲೆ ಅರ್ಧಕ್ಕೆ ಬಿಡಬೇಡಿ. ಸಿಟ್ಟು ಬಂದರೆ ಮಾತ್ರ ಕುದುರೆಯನ್ನು ಲಾಯಕ್ಕೆ ಕಟ್ಟಿ ಚಹಾ ಕುಡಿಯಲು ಹೋಗಿ. ಸಿಟ್ಟಿನಲ್ಲಿ ಕುದುರೆಯ ಹತ್ತಿರ ಹೋಗಬಾರದು ಎಂದು ಗ್ರೀಕ್ ಸೇನಾನಿ ಕ್ಸೆನೊಫೋನ್ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ; ನಮ್ಮ ತರಬೇತಿಯಲ್ಲಿ ಹಿರಿಯರು ಅವನ ಹೆಸರು ಹೇಳದೆಯೇ ಅದನ್ನು ಹೇಳುತ್ತಿದ್ದರು. ಸಾಹೇಬರ ಮುಂದೆ, ಕುದುರೆಯ ಹಿಂದೆ ಹೋಗಬೇಡ ಎಂಬ ಗಾದೆಯನ್ನೂ ಅವರೇ ಕಲಿಸಿದ್ದು. ಎರಡು ಕಡೆಯೂ ಒದೆ ತಿಂದ ಮೇಲೆ ಗಾದೆ ಅರ್ಥವಾಯಿತು.

ಮೂರು ವಾರ ನೆಲದ ಮೇಲೆ ಕಳೆದದ್ದು ಹೆಚ್ಚೇನೂ ಅಲ್ಲ. ಮೂರು ತಿಂಗಳಾದರೂ ಹಗ್ಗದಲ್ಲೇ ಇದ್ದರೆ ಆಗ ನಿಮ್ಮ ತರಬೇತುದಾರರಿಗೆ ಹತ್ತಲು ಭಯವಿದೆ ಎಂದು ತಿಳಿಯಿರಿ.

---

ಮಾರ್ವಾಡಿ_ಕಿವಿ ಬರೆದದ್ದು:

ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಓಟದ ಕುದುರೆ ನೆಮ್ಮದಿಯ ಸವಾರಿಗೆ ಹೇಳಿಸಿದ್ದಲ್ಲ. ಅದನ್ನು ಮಾರಿ ಕಾಠಿಯಾವಾಡಿ ತಳಿಯದನ್ನೋ ಮಾರ್ವಾಡಿ ತಳಿಯದನ್ನೋ ಕೊಳ್ಳಿ. ನಮ್ಮ ಹವೆಗೆ ಹೊಂದುತ್ತವೆ, ಕಾಲು ಗಟ್ಟಿ, ಒಳಕ್ಕೆ ಬಾಗಿದ ಕಿವಿಯ ಚೆಲುವು ಬೇರೆ.

---

ಕಡಿವಾಣ_ಸಡಿಲ ಬರೆದದ್ದು:

ಕಿವಿಯ ಚೆಲುವಿನ ಬಗ್ಗೆ ನನ್ನದೂ ಒಪ್ಪಿಗೆ. ಆದರೆ ಲಗಾಮನ್ನು ತಪ್ಪು ಹೊತ್ತಿನಲ್ಲಿ ಬಿಡುವ ಸವಾರ ಮಾರ್ವಾಡಿಗೂ ಇದೇ ತಪ್ಪನ್ನು ಕಲಿಸುತ್ತಾನೆ. ಆಗ ಅದನ್ನೂ ಮಾರಬೇಕಾಗುತ್ತದೆ.

ಕುಶಾಲತೋಪು ಅವರು ಹೇಳಿದ ಗೆರೆಯ ಮಾತನ್ನು ನಾನು ಬರೆಯಲು ಮರೆತಿದ್ದೆ. ಅದು ಸರಿ. ಬಾಯಿ ಚಪ್ಪರಿಸುವುದನ್ನು ಮಾತ್ರ ನಾನು ಸಮಾಧಾನದ ಗುರುತು ಎಂದು ಒಂಟಿಯಾಗಿ ನಂಬುವುದಿಲ್ಲ, ಬಿಗಿತದಿಂದ ಆಗಷ್ಟೇ ಹೊರಬರುತ್ತಿರುವ ಕುದುರೆಯೂ ಹಾಗೆ ಮಾಡುತ್ತದೆ. ಉಸಿರು, ಕುತ್ತಿಗೆ, ಬಾಲದ ಬುಡ ಎಲ್ಲವನ್ನೂ ಸೇರಿಸಿ ನೋಡಬೇಕು.

---

ವೇಸರ್_ದಂಡೆ ಬರೆದದ್ದು:

ನಾನು ಹುಬ್ಬಳ್ಳಿಯವಳು, ಕೆಲಸದ ನಿಮಿತ್ತ ಏಳು ವರ್ಷಗಳಿಂದ ಉತ್ತರ ಜರ್ಮನಿಯಲ್ಲಿದ್ದೇನೆ. ಇಲ್ಲಿನ ಊರಿನ ಸವಾರಿ ಸಂಘದಲ್ಲಿ ವಯಸ್ಸಾದ ಮೇಲೆ ಕಲಿಯಲು ಸೇರಿದವಳು. ಕುದುರೆಯ ಬಗ್ಗೆ ಹೇಳುವಷ್ಟು ಅರ್ಹತೆ ನನಗಿಲ್ಲ, ಆದರೆ ಕಲಿಯುವವಳಾಗಿ ನನಗೆ ಕಲಿಸಿದ ಕ್ರಮ ನಿಮ್ಮ ಪ್ರಶ್ನೆಗೆ ಉಪಯೋಗವಾಗಬಹುದು.

ಮೊದಲ ಎರಡು ತಿಂಗಳು ನನ್ನ ಕೈಗೆ ಲಗಾಮನ್ನೇ ಕೊಡಲಿಲ್ಲ. ಶಿಕ್ಷಕಿ ಮಧ್ಯದಲ್ಲಿ ನಿಂತು ಕುದುರೆಯನ್ನು ಉದ್ದ ಹಗ್ಗದಲ್ಲಿ ಸುತ್ತಿಸುತ್ತಿದ್ದರು, ನಾನು ಕೈಗಳನ್ನು ಚಾಚಿಕೊಂಡು ಮೇಲೆ ಕುಳಿತಿರುತ್ತಿದ್ದೆ, ಕೆಲವು ದಿನ ರಿಕಾಬುಗಳೂ ಇಲ್ಲದೆ. ವಿಯೆನ್ನಾದ ಪ್ರಸಿದ್ಧ ಸ್ಪ್ಯಾನಿಷ್ ಸವಾರಿ ಶಾಲೆಯಲ್ಲಿಯೂ ಹೊಸಬರಿಗೆ ಆರಂಭ ಹೀಗೆಯೇ. ಕಾರಣ ಸರಳ: ಸಮತೋಲ ತಪ್ಪಿದಾಗ ಮನುಷ್ಯ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾನೆ, ಕೈಯಲ್ಲಿ ಲಗಾಮಿದ್ದರೆ ಕುದುರೆಯ ಬಾಯಿಯನ್ನು ಹಿಡಿದುಕೊಳ್ಳುತ್ತಾನೆ. ಆಸನ ಗಟ್ಟಿಯಾಗುವ ತನಕ ಕೈ ಮೃದುವಾಗುವುದು ಸಾಧ್ಯವಿಲ್ಲ.

ಇಲ್ಲಿ ಕುದುರೆಯ ತರಬೇತಿಗೆ ಆರು ಮೆಟ್ಟಿಲುಗಳ ಒಂದು ಕ್ರಮವಿದೆ. ಇದರ ಬೇರು 1912ರ ಜರ್ಮನ್ ಅಶ್ವದಳದ ಕೈಪಿಡಿಗೆ ಹೋಗುತ್ತದೆ. ಮೊದಲನೆಯದು ಲಯ, ಅಂದರೆ ಹೆಜ್ಜೆಗಳ ನಡುವಿನ ಕಾಲ ಒಂದೇ ಸಮನಾಗಿರುವುದು. ಎರಡನೆಯದು ಮೈ ಮತ್ತು ಮನಸ್ಸಿನ ಬಿಗಿತ ಹೋಗುವುದು. ಲಗಾಮಿನೊಂದಿಗೆ ಸಂಪರ್ಕ ಬರುವುದು ಮೂರನೆಯ ಮೆಟ್ಟಿಲಿನಲ್ಲಿ. ಆಮೇಲೆ ಹಿಂಗಾಲಿನ ಚಿಮ್ಮು, ನೇರತನ, ಕೊನೆಗೆ ಇಡೀ ಮೈಯನ್ನು ಹಿಂಭಾಗದ ಮೇಲೆ ಕೂಡಿಸಿಕೊಳ್ಳುವುದು. ನಿಮ್ಮ ಮೊದಲ ತರಬೇತುದಾರರು ಮೊದಲೆರಡು ಮೆಟ್ಟಿಲುಗಳನ್ನು ಹಾರಿ ಮೂರನೆಯದನ್ನು ಪಟ್ಟಿಯಿಂದ ಕಟ್ಟಿ ತರಲು ಹೋದರು ಎಂದು ನನಗೆ ತೋರುತ್ತದೆ. ತಲೆ ಎಲ್ಲಿದೆ ಎಂಬುದನ್ನು ನನ್ನ ಶಿಕ್ಷಕಿ ಕೇಳುವುದೇ ಇಲ್ಲ. ಹೆಜ್ಜೆಯ ಸದ್ದನ್ನು ಬಾಯಲ್ಲಿ ಎಣಿಸಲು ಹೇಳುತ್ತಾರೆ, ಎಣಿಕೆ ತಪ್ಪಿದರೆ ವೃತ್ತದಲ್ಲಿ ತಿರುಗಿಸುತ್ತಾರೆ, ಎಣಿಕೆ ಸರಿಯಾದರೆ ಲಗಾಮನ್ನು ಉದ್ದ ಬಿಡಿಸುತ್ತಾರೆ.

ಇನ್ನೊಂದು ಸಂಗತಿಯನ್ನು ಹೇಳದೆ ಇರಲಾರೆ. ಕಳೆದ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆ ಎಂದು ಪ್ರಸಿದ್ಧವಾಗಿತ್ತು. ಪ್ರಶ್ನೆ ಕೇಳಿದರೆ ಉತ್ತರದ ಸಂಖ್ಯೆಯಷ್ಟು ಸಲ ಗೊರಸು ತಟ್ಟಿ ನಿಲ್ಲಿಸುತ್ತಿತ್ತು. 1904ರಲ್ಲಿ ಪರೀಕ್ಷಿಸಿದ ಸಮಿತಿಗೆ ಯಾವ ಮೋಸವೂ ಕಾಣಲಿಲ್ಲ. ಆಸ್ಕರ್ ಫುಂಗ್ಸ್ಟ್ ಎಂಬ ಸಂಶೋಧಕ ತಾಳ್ಮೆಯಿಂದ ಪರೀಕ್ಷಿಸಿ 1907ರಲ್ಲಿ ಪ್ರಕಟಿಸಿದ ಸಂಗತಿಯೆಂದರೆ, ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದ ಕ್ಷಣ ಕೇಳುವವನ ತಲೆ, ಮೈಗಳಲ್ಲಿ ಅವನಿಗೇ ಅರಿವಿಲ್ಲದೆ ಆಗುತ್ತಿದ್ದ ಅತಿ ಸಣ್ಣ ಚಲನೆಯನ್ನು ಹಾನ್ಸ್ ಓದುತ್ತಿತ್ತು. ಜನರಿಗೆ ಇದು ಕುದುರೆಯ ದಡ್ಡತನದ ಕತೆಯಾಗಿ ಕಂಡಿತು. ನನಗೆ ಲೆಕ್ಕ ಬರುವುದಕ್ಕಿಂತ ಇದೇ ದೊಡ್ಡ ವಿದ್ಯೆಯಾಗಿ ಕಾಣುತ್ತದೆ. ಎರಡು ಸಲ ಬಿದ್ದ ಮೇಲೆ ನೀವು ಪೀಠದ ಹತ್ತಿರ ಬರುವಾಗಲೇ ಉಸಿರು ಹಿಡಿದಿರುತ್ತೀರಿ. ಅದನ್ನು ನಿಮ್ಮ ಕುದುರೆ ಓದದೆ ಇರುತ್ತದೆಯೇ?

ವೇಗದ ಕುದುರೆಗೆ ಶಾಂತಿ ಕಲಿಸಲಾಗದು ಎಂಬ ಮಾತಿಗೂ ಒಂದು ಉತ್ತರವಿದೆ. ಬೆಂಗಳೂರಿನಲ್ಲಿ ಸವಾರಿ ಕಲಿತ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದದ್ದು, ಆಮೇಲೆ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 23ನೆಯ ಸ್ಥಾನ ಪಡೆದದ್ದು ಈವೆಂಟಿಂಗ್ ಎಂಬ ಸ್ಪರ್ಧೆಯಲ್ಲಿ. ಅದರಲ್ಲಿ ಮೊದಲು ಅಂಗಳದಲ್ಲಿ ಅತ್ಯಂತ ಸಮಾಧಾನದ ನಡೆಗಳನ್ನು ತೋರಿಸಬೇಕು, ಅದೇ ಕುದುರೆ ಬಳಿಕ ಬೇಲಿ, ಹಳ್ಳ, ನೀರುಗಳನ್ನು ಹಾರಿಕೊಂಡು ಬಯಲಿನಲ್ಲಿ ದೌಡಾಯಿಸಬೇಕು, ಕೊನೆಗೆ ಮತ್ತೆ ಅಂಗಳಕ್ಕೆ ಬಂದು ಕಂಬಗಳನ್ನು ಬೀಳಿಸದೆ ಹಾರಬೇಕು. ಮಿರ್ಜಾ ಅವರು ಒಲಿಂಪಿಕ್ಸ್‌ಗೆ ಮುಂಚೆ ಇಲ್ಲಿ, ಜರ್ಮನಿಯಲ್ಲಿಯೇ, ಈವೆಂಟಿಂಗ್ ಸವಾರಿಗಾರ್ತಿ ಸಾಂಡ್ರಾ ಔಫಾರ್ಟ್ ಅವರ ಬಳಿ ತರಬೇತಿ ಪಡೆದರು.

---

ಗೊರಸು_ಮತ್ತು_ಹುರುಳಿ ಬರೆದದ್ದು:

ಪಶುವೈದ್ಯನಾಗಿ ಬರೆಯುತ್ತಿದ್ದೇನೆ, ತರಬೇತಿಯ ವಾದಕ್ಕೆ ನಾನು ಇಳಿಯುವುದಿಲ್ಲ. ನಿಮ್ಮ ಪ್ರಶ್ನೆಯಲ್ಲಿ ಮೇವಿನ ಮಾತೇ ಇಲ್ಲದಿರುವುದು ನನಗೆ ಅನುಮಾನ ತಂದಿದೆ.

ನಳ ಬಾಹುಕನಾಗಿದ್ದಾಗ ಆರಿಸಿ ತಂದ ಕುದುರೆಗಳನ್ನು ನೋಡಿ ರಾಜ ಋತುಪರ್ಣ, ಇವು ಬಡಕಲಾಗಿವೆಯಲ್ಲ ಎಂದು ಸಂದೇಹಪಟ್ಟನಂತೆ. ಅಶ್ವಹೃದಯ ಎಂಬ ಕುದುರೆ ವಿದ್ಯೆ ಬಲ್ಲ ನಳ ಅದಕ್ಕೆ ಸೊಪ್ಪು ಹಾಕಲಿಲ್ಲ. ನಮ್ಮಲ್ಲಿ ಆಗುವುದು ಬೇರೆ. ಓಟ ಬಿಟ್ಟ ಕುದುರೆ ಮನೆಗೆ ಬಂದ ಕೂಡಲೇ ಪಕ್ಕೆಲುಬು ಕಾಣುತ್ತದೆ ಎಂದು ನೋಡಿದವರೆಲ್ಲ ಹೇಳುತ್ತಾರೆ, ಯಜಮಾನ ಬೇಯಿಸಿದ ಹುರುಳಿ, ಓಟ್ಸ್, ಜೋಳ ಎಲ್ಲವನ್ನೂ ಹೆಚ್ಚಿಸುತ್ತಾನೆ. ದಿನಕ್ಕೆ ಕಿಲೋಮೀಟರುಗಟ್ಟಲೆ ದೌಡಾಯಿಸುತ್ತಿದ್ದ ಪ್ರಾಣಿ ಈಗ ಅರ್ಧ ಗಂಟೆ ಹಗ್ಗದಲ್ಲಿ ನಡೆಯುತ್ತದೆ, ಕಾಳು ಮಾತ್ರ ಓಟದ ಲೆಕ್ಕದಲ್ಲಿಯೇ. ಆ ಶಕ್ತಿ ಎಲ್ಲಿಗಾದರೂ ಹೋಗಬೇಕಲ್ಲ. ಬಿಡುವಿನ ದಿನವೂ ಪೂರ್ತಿ ಕಾಳು ತಿಂದು ಮರುದಿನ ಕೆಲಸಕ್ಕೆ ಹೊರಟ ಕುದುರೆಯ ಸ್ನಾಯುಗಳು ಸೆಟೆದುಕೊಂಡು ಹೆಜ್ಜೆ ಇಡಲಾಗದೆ ನಿಲ್ಲುವ ರೋಗವೂ ಇದೆ.

ಕುದುರೆಯ ಜಠರ ಆಮ್ಲವನ್ನು ಬಿಡುವಿಲ್ಲದೆ ಸುರಿಸುತ್ತಲೇ ಇರುತ್ತದೆ, ಮೇವು ಇರಲಿ ಇಲ್ಲದಿರಲಿ. ಜಠರದ ಮೇಲ್ಭಾಗದ ಒಳಪದರಕ್ಕೆ ಆಮ್ಲದಿಂದ ರಕ್ಷಣೆ ಕಡಿಮೆ. ಖಾಲಿ ಹೊಟ್ಟೆಯಲ್ಲಿ ಓಡಿಸಿದಾಗ ಆಮ್ಲ ಅಲ್ಲಿಗೆ ಚಿಮ್ಮುತ್ತದೆ, ಹುಣ್ಣಾಗುತ್ತದೆ. ಓಟದ ಕುದುರೆಗಳಲ್ಲಿ ಇದು ಬಹಳ ಸಾಮಾನ್ಯ. ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಒತ್ತಿ ಹಲ್ಲು ತೋರಿಸುವುದು, ಕಾಲು ತಾಗಿದರೆ ಸಿಡಿಯುವುದು ಇವುಗಳಿಗೆ ಹುಣ್ಣೂ ಒಂದು ಕಾರಣವಾಗಿರಬಹುದು. ಎಲ್ಲವೂ ಜಾಕಿಯ ಗಿಡ್ಡ ರಿಕಾಬಿನ ಮಹಿಮೆ ಎಂದು ತೀರ್ಮಾನಿಸಬೇಡಿ. ಸವಾರಿಗೆ ಮುಂಚೆ ಒಂದಿಷ್ಟು ಒಣಹುಲ್ಲು ತಿನ್ನಿಸಿ.

ದಿನಕ್ಕೆ ಮೈತೂಕದ ನೂರಕ್ಕೆ ಒಂದೂವರೆ ಪಾಲಿಗಿಂತ ಕಡಿಮೆಯಾಗದಂತೆ ಒಣಮೇವಿನ ಅಂಶ ಹೊಟ್ಟೆಗೆ ಹೋಗಬೇಕು. ತೂಕದ ಯಂತ್ರ ಇಲ್ಲದಿದ್ದರೆ ಅಳತೆಪಟ್ಟಿ ಸಾಕು: ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ಹೆಗಲಿನ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋಗ್ರಾಂ ಲೆಕ್ಕದಲ್ಲಿ ತೂಕ ಹತ್ತಿರ ಹತ್ತಿರ ಸಿಗುತ್ತದೆ. ಸುತ್ತಳತೆ 180, ಉದ್ದ 165 ಇದ್ದರೆ 450 ಕಿಲೋ, ಅಂದರೆ ದಿನಕ್ಕೆ ಏಳು ಕಿಲೋದಷ್ಟು ಒಣಮೇವು. ಹಸಿಹುಲ್ಲು ಹಾಕುವುದಾದರೆ ಅದರಲ್ಲಿ ಬಹುಪಾಲು ನೀರೇ ಇರುವುದರಿಂದ ಅದರ ಹಲವು ಪಟ್ಟು ಬೇಕು.

ಹಲ್ಲಿನ ಮಾತನ್ನು ಮೇಲಿನವರು ಹೇಳಿದ್ದಾರೆ. ಕುದುರೆಯ ಮೇಲ್ದವಡೆ ಕೆಳದವಡೆಗಿಂತ ಅಗಲ. ಆದ್ದರಿಂದ ಸವೆಯುತ್ತ ಹೋದಂತೆ ಮೇಲಿನ ದವಡೆಹಲ್ಲುಗಳ ಹೊರ ಅಂಚು ಕೆನ್ನೆಯ ಕಡೆಗೂ ಕೆಳಗಿನವುಗಳ ಒಳ ಅಂಚು ನಾಲಿಗೆಯ ಕಡೆಗೂ ಚೂಪಾಗುತ್ತವೆ. ಮೂಗುಪಟ್ಟಿ ಬಿಗಿದಷ್ಟೂ ಕೆನ್ನೆ ಆ ಅಂಚಿಗೆ ಒತ್ತುತ್ತದೆ.

---

ತಡವಾಗಿ_ಕಲಿತವನು ಬರೆದದ್ದು:

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಕೃತಜ್ಞತೆಗಳು.

ವೈದ್ಯರು ಬಂದು ನೋಡಿದರು. ಎಡಗೆನ್ನೆಯ ಒಳಗೆ ಹಲ್ಲಿನಂಚು ತಾಗಿ ಎರಡು ಗಾಯಗಳಾಗಿದ್ದವು. ಅಂಚುಗಳನ್ನು ಅರದಿಂದ ಉಜ್ಜಿ ಸಮ ಮಾಡಿದ್ದಾರೆ. ಜೀನು ಕುತ್ತಿಗೆಯ ಬುಡದ ಏಣಿನ ಮೇಲೆ ಒತ್ತುತ್ತಿತ್ತು, ಬೇರೆಯದನ್ನು ಎರವಲು ತಂದಿದ್ದೇನೆ. ಹುಣ್ಣಿನ ಬಗ್ಗೆ ಇನ್ನೂ ಏನೂ ಖಚಿತವಾಗಿಲ್ಲ. ಕಾಳಿನ ವಿಷಯದಲ್ಲಿ ವೈದ್ಯ ಮಿತ್ರರ ಅನುಮಾನ ನಿಜ: ದಿನಕ್ಕೆ ನಾಲ್ಕು ಕಿಲೋ ಕಾಳು ಹೋಗುತ್ತಿತ್ತು, ಹುಲ್ಲು ಅದಕ್ಕಿಂತ ಸ್ವಲ್ಪವೇ ಹೆಚ್ಚು. ಈಗ ನಿಧಾನವಾಗಿ ತಲೆಕೆಳಗು ಮಾಡುತ್ತಿದ್ದೇನೆ.

ಹಗ್ಗದ ಪರೀಕ್ಷೆಯನ್ನು ನನ್ನ ತರಬೇತುದಾರರೊಂದಿಗೆ ಮಾಡಿದೆ. ಅವರು ಕಣ್ಣು ಮುಚ್ಚಿಕೊಂಡು, ನೀವು ಇನ್ನೂ ಬಿಟ್ಟಿಲ್ಲ, ಇನ್ನೂ ಬಿಟ್ಟಿಲ್ಲ ಎಂದು ನಗುತ್ತಿದ್ದರು, ನಾನು ಬಿಟ್ಟೆನೆಂದು ವಾದಿಸುತ್ತಿದ್ದೆ. ಕೊನೆಗೆ ನೋಡಿದರೆ ಕಿರುಬೆರಳು ಹಗ್ಗಕ್ಕೆ ಸುತ್ತಿಕೊಂಡೇ ಇತ್ತು. ನಿನ್ನೆ ಏರಿದೆ. ಕುದುರೆ ಪೀಠದ ಪಕ್ಕದಲ್ಲಿ ನಿಂತಿತು, ನಾನು ಒಂದರಿಂದ ಹದಿನಾಲ್ಕರವರೆಗೆ ಎಣಿಸುವಷ್ಟು ಹೊತ್ತು. ನಡಿಗೆಯಲ್ಲಿ ಎಡಕ್ಕೆ ಎರಡು ಸುತ್ತು ಚೆನ್ನಾಗಿಯೇ ಬಂತು. ಬಲಕ್ಕೆ ತಿರುಗಿಸಿದರೆ ಮಾತ್ರ ಮೊದಲಿನಂತೆಯೇ ಬಿಗಿತ, ವೇಗ, ತಲೆ ಮೇಲಕ್ಕೆ. ಬಲಗಡೆಯ ಲಗಾಮನ್ನು ಹೆಚ್ಚು ಬಳಸಬೇಕೇ?

---

ಕಡಿವಾಣ_ಸಡಿಲ ಬರೆದದ್ದು:

ಬೇಡ. ಎಡಗೆನ್ನೆಯ ಗಾಯ ಮಾಯುವ ತನಕ, ಕನಿಷ್ಠ ಇನ್ನು ಹತ್ತು ದಿನ, ಕಡಿವಾಣವನ್ನೇ ಹಾಕದೆ ಹೆಡ್‌ಕಾಲರಿಗೆ ಹಗ್ಗ ಕಟ್ಟಿ, ತರಬೇತುದಾರರು ಪಕ್ಕದಲ್ಲಿ ನಡೆಯುತ್ತಿರುವಾಗ ಮಾತ್ರ ಸವಾರಿ ಮಾಡಿ. ಓಟದ ಕುದುರೆ ತಿರುವುಗಳನ್ನು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಓಡಿರುವುದರಿಂದ ಒಂದು ಬದಿಯ ಬಿಗಿತ ಇದ್ದೇ ಇರುತ್ತದೆ. ಅದನ್ನು ಕೈಯಿಂದ ಬಾಗಿಸಲು ಹೋದರೆ ಕುತ್ತಿಗೆ ಮಾತ್ರ ಬಾಗುತ್ತದೆ, ಹೆಗಲು ಹೊರಗೆ ಜಾರುತ್ತದೆ. ಬಲಕ್ಕೆ ದೊಡ್ಡ ವೃತ್ತ, ಇಪ್ಪತ್ತು ಮೀಟರಿಗಿಂತ ಚಿಕ್ಕದಾಗದಂತೆ. ನೀವು ಹೋಗಬೇಕಾದ ಕಡೆ ನೋಡಿ, ಉಸಿರು ಬಿಡಿ, ಮೂರು ಹೆಜ್ಜೆ ಸಮನಾಗಿ ಬಂದರೆ ನಿಲ್ಲಿಸಿ ಕತ್ತು ಸವರಿ. ಆ ದಿನಕ್ಕೆ ಬಲಗಡೆಯ ಪಾಠ ಅಷ್ಟೇ ಇರಲಿ.

ಕಿರುಬೆರಳಿನ ವಿಷಯ ಕೇಳಿ ನನಗೂ ನಗು ಬಂತು. ನನ್ನದು ಉಂಗುರಬೆರಳಾಗಿತ್ತು.